ಬಂದರಿನಿಂದ ಬಂದ ರೋಗ: ದ್ವೀಪರಾಷ್ಟ್ರಗಳ ಆರೋಗ್ಯ ಮತ್ತು ನೆಲದ ಪ್ರಶ್ನೆ

(ಆಹಾರ, ಪರಿಸರ ಮತ್ತು ಆರೋಗ್ಯ ಕುರಿತ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ತೋಟಕ್ಕೆ ಹಾಕುವ ರಾಕ್ ಫಾಸ್ಫೇಟ್, ಅಂದರೆ ಶಿಲಾರಂಜಕದ ಚೀಲವನ್ನು ಕಾಣದವರು ಈ ಸಭೆಯಲ್ಲಿ ಇರಲಾರರು. ಆ ಹುಡಿ ಎಲ್ಲೋ ಒಂದು ನೆಲದ ಒಡಲನ್ನು ಅಗೆದು ತಂದದ್ದು ಎಂಬುದನ್ನು ಮಾತ್ರ ನೆನೆಯುವವರು ವಿರಳ. ದ್ವೀಪರಾಷ್ಟ್ರಗಳ ಸಕ್ಕರೆ ಕಾಯಿಲೆಯ ಕತೆಯನ್ನು ಆ ಚೀಲದಿಂದಲೇ ಆರಂಭಿಸುವುದು ಯುಕ್ತ. ಏಕೆಂದರೆ ಶಿಲಾರಂಜಕಕ್ಕಾಗಿ ಒಂದು ದೇಶಕ್ಕೆ ದೇಶವೇ ಅಗೆದುಹೋದ ನಿದರ್ಶನ ಅಲ್ಲಿದೆ.

ಆ ದೇಶದ ಹೆಸರು ನವೂರು. ಪೆಸಿಫಿಕ್ ಸಾಗರದಲ್ಲಿ, ಸಮಭಾಜಕ ವೃತ್ತದಿಂದ ತುಸು ದಕ್ಷಿಣಕ್ಕಿರುವ ಒಂಟಿ ದ್ವೀಪ. ವಿಸ್ತೀರ್ಣ ಕೇವಲ 21 ಚದರ ಕಿಲೋಮೀಟರು, ಜನಸಂಖ್ಯೆ ಸುಮಾರು 12 ಸಾವಿರ. ಮಲೆನಾಡಿನ ಒಂದೆರಡು ಗ್ರಾಮ ಪಂಚಾಯತಿಗಳನ್ನು ಕೂಡಿಸಿದರೆ ಅಷ್ಟಾಗುತ್ತದೆ. ಅಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗಣಿಗಾರಿಕೆ ಆರಂಭವಾಯಿತು. ಅಗೆದು ತೆಗೆದ ರಂಜಕ ಮುಖ್ಯವಾಗಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ಗೋಧಿಹೊಲಗಳಿಗೂ ಕುರಿಗಳು ಮೇಯುವ ಹುಲ್ಲುಗಾವಲುಗಳಿಗೂ ಗೊಬ್ಬರವಾಗಿ ಹೋಯಿತು. ದ್ವೀಪದ ಐದರಲ್ಲಿ ನಾಲ್ಕು ಪಾಲು ನೆಲ ಮಣ್ಣಿಲ್ಲದೆ, ಸುಣ್ಣಕಲ್ಲಿನ ಮೊನಚು ಕಂಬಗಳಾಗಿ ಉಳಿಯಿತು. ಬೇಸಾಯಕ್ಕೆ ಒದಗುವುದು ಕರಾವಳಿಯ ಅಂಚಿನ ಕಿರಿದಾದ ಪಟ್ಟಿ ಮಾತ್ರ. 1968ರಲ್ಲಿ ಸ್ವತಂತ್ರವಾದ ಈ ದೇಶ 1970ರ ದಶಕದಲ್ಲಿ ರಂಜಕದ ಹಣದಿಂದ ತಲಾ ಆದಾಯದಲ್ಲಿ ಜಗತ್ತಿನ ಮುಂಚೂಣಿಗೆ ಬಂದಿತು. ಬೆಳೆಯಲು ನೆಲವಿಲ್ಲ, ಕೊಳ್ಳಲು ಹಣವಿದೆ. ಊಟವೆಲ್ಲ ಹಡಗಿನಲ್ಲಿ ಬರತೊಡಗಿತು. ಪಾಲಿಶ್ ಮಾಡಿದ ಅಕ್ಕಿ, ಮೈದಾ, ಸಕ್ಕರೆ, ಡಬ್ಬಿಯ ಮಾಂಸ, ತಂಪು ಪಾನೀಯ.

1970ರ ದಶಕದ ಮಧ್ಯದಲ್ಲಿ ಆಸ್ಟ್ರೇಲಿಯಾದ ವೈದ್ಯ ಪಾಲ್ ಝಿಮೆಟ್ ಮತ್ತು ಸಂಗಡಿಗರು ಅಲ್ಲಿ ರಕ್ತಪರೀಕ್ಷೆ ನಡೆಸಿದಾಗ ವಯಸ್ಕರಲ್ಲಿ ಮೂವರಲ್ಲೊಬ್ಬರಿಗೆ ಮಧುಮೇಹವಿದ್ದುದು ಕಂಡುಬಂತು. ವೈದ್ಯಲೋಕವೇ ಬೆಚ್ಚಿತು. ಆಗ ಪ್ರಚಲಿತವಾದ ವಿವರಣೆ ವಂಶವಾಹಿಗಳದ್ದು. ಬರಗಾಲಗಳನ್ನೂ ದೀರ್ಘ ಸಮುದ್ರಯಾನಗಳನ್ನೂ ದಾಟಿ ಉಳಿದ ಜನರ ದೇಹ ಕೊಬ್ಬನ್ನು ಕೂಡಿಡುವ ಗುಣ ಪಡೆದಿದೆ, ಸುಭಿಕ್ಷದ ಕಾಲದಲ್ಲಿ ಅದೇ ಮುಳುವಾಗಿದೆ ಎಂಬ ವಾದವದು. ಅಮೆರಿಕದ ಜೇಮ್ಸ್ ನೀಲ್ 1962ರಲ್ಲಿ ಮಂಡಿಸಿದ ಊಹೆಯನ್ನು ಇಲ್ಲಿಗೆ ಅನ್ವಯಿಸಲಾಯಿತು. ದೇಹಪ್ರಕೃತಿಯ ಪಾತ್ರವನ್ನು ತಳ್ಳಿಹಾಕುವಂತಿಲ್ಲ. ಆದರೆ ಒಂದು ಜನಾಂಗದ ವಂಶವಾಹಿ ಮೂವತ್ತು ವರ್ಷಗಳಲ್ಲಿ ಬದಲಾಗುವುದಿಲ್ಲ. ಮೂವತ್ತು ವರ್ಷಗಳಲ್ಲಿ ಬದಲಾದದ್ದು ನೆಲ ಮತ್ತು ತಟ್ಟೆ. ವಂಶವಾಹಿಯ ಮಾತು ಗಣಿಗಾರರಿಗೂ ವ್ಯಾಪಾರಿಗಳಿಗೂ ಬಹಳ ಅನುಕೂಲದ್ದಾಗಿತ್ತು ಎಂಬುದನ್ನು ಹೇಳದೆ ಬಿಡಲಾಗದು. ಗಣಿಯಿಂದ ಹಾಳಾದ ನೆಲಕ್ಕಾಗಿ ನವೂರು 1989ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. 1993ರಲ್ಲಿ ಆಸ್ಟ್ರೇಲಿಯಾ 10.7 ಕೋಟಿ ಆಸ್ಟ್ರೇಲಿಯನ್ ಡಾಲರು ಕೊಡಲು ಒಪ್ಪಿ ರಾಜಿಯಾಯಿತು. ಆ ಮೊಕದ್ದಮೆ ನೆಲದ ಕುರಿತಾದದ್ದು. ಕಾಯಿಲೆಯ ಲೆಕ್ಕ ಅದರಲ್ಲಿ ಸೇರಿರಲಿಲ್ಲ.

ನವೂರಿನ ಸ್ಥಿತಿ ವಿಪರೀತದ್ದಾದರೂ ಏಕಾಂಗಿಯಲ್ಲ. ಪೆಸಿಫಿಕ್ ದ್ವೀಪಗಳಲ್ಲಿ ಸಂಭವಿಸುವ ನಾಲ್ಕು ಸಾವುಗಳಲ್ಲಿ ಸುಮಾರು ಮೂರಕ್ಕೆ ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ಕ್ಯಾನ್ಸರ್‌ಗಳಂಥ ದೀರ್ಘಕಾಲೀನ ರೋಗಗಳೇ ಕಾರಣ. ಕಾಲಿನ ಹುಣ್ಣು ಮಾಯದೆ ಗ್ಯಾಂಗ್ರೀನ್ ಆಗಿ ಕಾಲನ್ನೇ ಕತ್ತರಿಸಬೇಕಾಗಿ ಬರುವುದು ಅಲ್ಲಿನ ಆಸ್ಪತ್ರೆಗಳ ನಿತ್ಯದ ಸಂಗತಿ. ಮೂತ್ರಪಿಂಡ ಸೋತ ಮೇಲಂತೂ ಬಡದೇಶಕ್ಕೆ ದಾರಿಯೇ ಇಲ್ಲ. 2010-11ರಲ್ಲಿ ಸಮೋವಾ ದೇಶದಲ್ಲಿ ಒಬ್ಬ ರೋಗಿಯ ಡಯಾಲಿಸಿಸ್‌ಗೆ ವರ್ಷಕ್ಕೆ ತಗಲುತ್ತಿದ್ದ ವೆಚ್ಚ ಆ ದೇಶದ ತಲಾ ಆದಾಯದ ಹತ್ತು ಪಟ್ಟಿಗೂ ಮಿಗಿಲಾಗಿತ್ತು. ಚಿಕಿತ್ಸೆಯಿಂದ ಈ ರೋಗಗಳನ್ನು ಗೆಲ್ಲುವ ಶಕ್ತಿ ಅಂಥ ದೇಶಗಳ ಬೊಕ್ಕಸಕ್ಕಿಲ್ಲ. ತಡೆಯುವುದೊಂದೇ ಉಪಾಯ.

ತಡೆಯಬೇಕಾದವರು ಯಾರು? ಹತ್ತಿಪ್ಪತ್ತು ಸಾವಿರ ಜನರ ದೇಶದಲ್ಲಿ ಆರೋಗ್ಯ ಇಲಾಖೆಯೆಂದರೆ ಬೆರಳೆಣಿಕೆಯ ನೌಕರರು. ಲಸಿಕೆ, ಡೆಂಗೆ, ಕ್ಷಯ, ತಾಯಿ-ಮಗು ಎಲ್ಲವನ್ನೂ ನೋಡಿಕೊಳ್ಳುವ ಅದೇ ಅಧಿಕಾರಿಯೇ ತಂಬಾಕು ಕಾಯಿದೆಯನ್ನೂ ರಚಿಸಬೇಕು, ಜನರ ರಕ್ತದೊತ್ತಡದ ಸಮೀಕ್ಷೆಯನ್ನೂ ನಡೆಸಬೇಕು. ನೆರವು ನೀಡುವ ಸಂಸ್ಥೆಗಳಾದರೋ ಹಲವು. ಪ್ರತಿಯೊಂದಕ್ಕೂ ಅದರದೇ ಯೋಜನೆ, ಅದರದೇ ನಮೂನೆ, ಅದರದೇ ವರದಿ. ಸಹಾಯವೇ ಹೊರೆಯಾಗುವ ಪರಿ ಇದು. ಇದರಿಂದಾಗಿ ದ್ವೀಪಗಳು ಒಟ್ಟುಗೂಡಿ ಯೋಚಿಸುವುದು ಆದರ್ಶದ ಮಾತಾಗಿರದೆ ಬದುಕುಳಿಯುವ ಅಗತ್ಯವಾಯಿತು.

1995ರ ಮಾರ್ಚ್‌ನಲ್ಲಿ ಪೆಸಿಫಿಕ್ ದೇಶಗಳ ಆರೋಗ್ಯ ಸಚಿವರು ಫಿಜಿಯ ಯಾನುಚ ದ್ವೀಪದಲ್ಲಿ ಸೇರಿ ‘ಆರೋಗ್ಯವಂತ ದ್ವೀಪಗಳು’ ಎಂಬ ಸಮಾನ ಗುರಿಯನ್ನು ಒಪ್ಪಿದರು. ಆರೋಗ್ಯ ಹುಟ್ಟುವುದು ಆಸ್ಪತ್ರೆಯಲ್ಲಲ್ಲ, ಮಕ್ಕಳು ಬೆಳೆಯುವ, ಜನ ದುಡಿಯುವ, ಕಡಲು-ಕಾಡು ಉಳಿಯುವ ತಾಣಗಳಲ್ಲಿ ಎಂಬ ತಿಳಿವಳಿಕೆ ಅದರಲ್ಲಿತ್ತು. ಸೊಗಸಾದ ಕನಸು; ಆದರೆ ಹಣವೂ ಆಳೂ ಇಲ್ಲದೆ ಬಹುಕಾಲ ಕಾಗದದಲ್ಲೇ ಉಳಿಯಿತು. ಹನ್ನೆರಡು ವರ್ಷಗಳ ಬಳಿಕ, 2007ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯೂ 1947ರಿಂದ ಕೆಲಸ ಮಾಡುತ್ತಿರುವ ಪೆಸಿಫಿಕ್ ಸಮುದಾಯವೆಂಬ ಅಂತರಸರ್ಕಾರಿ ಸಂಸ್ಥೆಯೂ ಜೊತೆಗೂಡಿ ಒಂದು ಕಾರ್ಯಕ್ರಮ ಕೈಗೊಂಡವು. ಅದರ ಹೆಸರೇ ‘2-1-22’. ಎರಡು ಸಂಸ್ಥೆಗಳು, ಒಂದೇ ತಂಡ, 22 ದೇಶ-ಪ್ರದೇಶಗಳು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಹಣದಿಂದ ನಡೆದ ಈ ಯೋಜನೆಯಲ್ಲಿ ದೇಶವೊಂದು ಎರಡು ಕಡೆಗೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಲೆಕ್ಕ ಕೊಡುವ ಕಷ್ಟ ತಪ್ಪಿತು. ಸಾಧಾರಣ ಸಂಗತಿಯಂತೆ ಕಾಣುವ ಇದರ ಬೆಲೆ ಸರ್ಕಾರಿ ಕಚೇರಿಗಳ ನಡುವೆ ಅಲೆದವರಿಗೆ ಗೊತ್ತು. ಕೊರತೆಯೂ ಇತ್ತು. ಯೋಜನೆಯ ಅವಧಿ ಮುಗಿದರೆ ಹಣ ಮುಗಿಯುತ್ತದೆ, ರೋಗಕ್ಕೆ ಅವಧಿಯಿಲ್ಲ. 2011ರಲ್ಲಿ ಪೆಸಿಫಿಕ್ ನಾಯಕರು ಈ ರೋಗಗಳನ್ನು ಬಿಕ್ಕಟ್ಟೆಂದೇ ಘೋಷಿಸಬೇಕಾಯಿತು.

ಆದರೆ ಆರೋಗ್ಯ ಸಂಸ್ಥೆಗಳು ತಮ್ಮತಮ್ಮಲ್ಲಿ ಹೊಂದಿಕೊಂಡರೆ ಸಾಲದು ಎಂಬುದನ್ನು ಕಲಿಸಿದ್ದು ಕುರಿಯ ಹೊಟ್ಟೆಯ ಭಾಗ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಕುರಿಯ ಒಳ್ಳೆಯ ಮಾಂಸವನ್ನು ತೆಗೆದ ಮೇಲೆ ಉಳಿಯುವ, ಕೊಬ್ಬೇ ಪದರಪದರವಾಗಿರುವ ಹೊಟ್ಟೆಯ ತುಂಡುಗಳಿಗೆ ಅಲ್ಲಿ ಗಿರಾಕಿಗಳು ಕಡಿಮೆ. ಅವು ಅಗ್ಗದ ಬೆಲೆಗೆ ದ್ವೀಪಗಳಿಗೆ ಬರುತ್ತಿದ್ದವು. ನವೂರಿನ ರಂಜಕ ಯಾವ ಹುಲ್ಲುಗಾವಲುಗಳಿಗೆ ಹೋಯಿತೋ ಅದೇ ನಾಡುಗಳಿಂದ ಕುರಿಯ ಕೊಬ್ಬು ಪೆಸಿಫಿಕ್‌ಗೆ ಮರಳಿತು! ಅಮೆರಿಕದಿಂದ ಟರ್ಕಿ ಕೋಳಿಯ ಬಾಲದ ಭಾಗವೂ ಹೀಗೆಯೇ ಬರುತ್ತಿತ್ತು, ಅದೂ ಕೊಬ್ಬಿನ ಮುದ್ದೆ. ಮೀನು ಹಿಡಿಯುವ ಕಡಲು ಎದುರಿಗೇ ಇದೆ. ಜಗತ್ತಿನ ಟ್ಯೂನಾ ಮೀನಿನ ಅರ್ಧಕ್ಕೂ ಹೆಚ್ಚು ಪಾಲು ಸಿಗುವುದು ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್‌ನಲ್ಲಿ. ಅದರ ಬಹುಪಾಲು ಪರದೇಶಗಳ ಮಾರುಕಟ್ಟೆಗೆ ಹೋಗುತ್ತದೆ.

ಫಿಜಿ ಸರ್ಕಾರ 2000ದಲ್ಲಿ ಕುರಿಯ ಹೊಟ್ಟೆಯ ತುಂಡುಗಳ ಮಾರಾಟವನ್ನು ನಿಷೇಧಿಸಿತು. ಇಲ್ಲಿ ಒಂದು ಜಾಣ್ಮೆ ಇದೆ. ಅದು ನಿಷೇಧಿಸಿದ್ದು ಆಮದನ್ನಲ್ಲ, ಮಾರಾಟವನ್ನು. ಎಲ್ಲಿಂದ ಬಂದರೂ ಮಾರುವಂತಿಲ್ಲ ಎಂದಮೇಲೆ ಪರದೇಶದ ಸರಕಿಗೆ ಪಕ್ಷಪಾತ ಮಾಡಿದಂತಾಗದು. ಸಮೋವಾ 2007ರಲ್ಲಿ ಟರ್ಕಿ ಬಾಲದ ಆಮದನ್ನೇ ನಿಲ್ಲಿಸಿತು. ಮುಂದೆ 2012ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯತ್ವ ಪಡೆಯುವಾಗ ಆ ನಿಷೇಧವನ್ನು ಕೈಬಿಡಬೇಕೆಂಬ ಷರತ್ತಿಗೆ ಒಪ್ಪಬೇಕಾಯಿತು. 2013ರಲ್ಲಿ ಟರ್ಕಿ ಬಾಲ ಮತ್ತೆ ಬಂದಿತು, ಹೆಚ್ಚಿನ ಸುಂಕ ಹೊತ್ತು. ಆರೋಗ್ಯ ಇಲಾಖೆ ಕಟ್ಟಿದ ಕಟ್ಟೆಯನ್ನು ವಾಣಿಜ್ಯ ಇಲಾಖೆಯ ಸಹಿ ಒಡೆಯಿತು. ಇದರಲ್ಲಿ ಯಾರದೋ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಒಬ್ಬರ ಮೇಜಿನ ಮೇಲಿದ್ದ ಕಡತ ಇನ್ನೊಬ್ಬರ ಮೇಜಿಗೆ ತೂಕವಾಗಿ ಹೋಗಲಿಲ್ಲ, ಅಷ್ಟೇ. ಆದರೆ ಅಷ್ಟರಿಂದಲೇ ಜನರ ಆಯುಷ್ಯ ನಿರ್ಧಾರವಾಗುತ್ತದೆ.

ಈ ಪಾಠದ ಬಳಿಕ, 2014ರ ಜುಲೈನಲ್ಲಿ, ಸಾಲೊಮನ್ ದ್ವೀಪಗಳ ಹೊನಿಯಾರಾದಲ್ಲಿ ಪೆಸಿಫಿಕ್ ದೇಶಗಳ ಹಣಕಾಸು ಸಚಿವರೂ ಆರೋಗ್ಯ ಸಚಿವರೂ ಒಂದೇ ಸಭೆಯಲ್ಲಿ ಕುಳಿತರು. ಬೊಕ್ಕಸದ ಕೀಲಿ ಹಿಡಿದವರನ್ನು ಸಭೆಗೆ ತಂದದ್ದೇ ದೊಡ್ಡ ಸಾಧನೆ. ತಂಬಾಕು ಹಾಗೂ ಸಕ್ಕರೆ ಪಾನೀಯಗಳ ಮೇಲೆ ತೆರಿಗೆ ಹೆಚ್ಚಿಸುವುದು, ಉಪ್ಪನ್ನು ತಗ್ಗಿಸುವುದು, ಹಳ್ಳಿಯ ಚಿಕಿತ್ಸಾಲಯದಲ್ಲೇ ರಕ್ತದೊತ್ತಡ-ಸಕ್ಕರೆಯನ್ನು ಪರೀಕ್ಷಿಸಿ ಔಷಧ ಕೊಡುವುದು, ಮೊದಲಾದವು ಅಲ್ಲಿ ಒಪ್ಪಿದ ಹಾದಿ. ಟೊಂಗಾ 2013ರಲ್ಲೇ ಸಿಹಿ ಪಾನೀಯಗಳಿಗೆ ಸುಂಕ ವಿಧಿಸಿತ್ತು. ಮುಂದೆ ಅದನ್ನು ಟರ್ಕಿ ಬಾಲ, ನೂಡಲ್ಸ್‌ಗಳಿಗೂ ವಿಸ್ತರಿಸಿತು. ಅದಕ್ಕೂ ಮುಂಚೆ ನವೂರು 2007ರಲ್ಲಿ ಸಕ್ಕರೆ ಮತ್ತು ಸಿಹಿ ಪದಾರ್ಥಗಳ ಮೇಲೆ ಶೇಕಡಾ 30 ಆಮದು ಸುಂಕ ಹಾಕಿ, ಬಾಟಲಿ ನೀರಿನ ಮೇಲಿದ್ದ ಸುಂಕವನ್ನು ತೆಗೆದುಹಾಕಿತು. ಹೊಳೆಯಿಲ್ಲದ, ಮಳೆ ನಂಬಲಾಗದ ದ್ವೀಪದಲ್ಲಿ ಕುಡಿಯುವ ನೀರಿನ ಬೆಲೆ ತಂಪು ಪಾನೀಯಕ್ಕೆ ಪೈಪೋಟಿ ಕೊಡಬೇಕೆಂಬ ಈ ವಿವೇಕವನ್ನು ಮೆಚ್ಚಬೇಕು. 2017ರಿಂದ ಪ್ರತಿ ದೇಶವೂ ಎಷ್ಟು ನಡೆದಿದೆ ಎಂಬುದನ್ನು ರಸ್ತೆಯ ಸಿಗ್ನಲ್ ದೀಪಗಳಂತೆ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸುವ ಪಟ್ಟಿಯೊಂದು ಇದೆ. ನೆರೆಯವನ ಪಟ್ಟಿ ಹಸಿರಾದಾಗ ತನ್ನದು ಕೆಂಪಾಗಿರುವುದು ಯಾವ ಸಚಿವನಿಗೂ ಹಿತವಲ್ಲ.

ಕೆರಿಬಿಯನ್ ದ್ವೀಪಗಳು ಈ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದಿದ್ದವು. 2007ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರಗಳ ಮುಖ್ಯಸ್ಥರೇ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಸೇರಿ ದೀರ್ಘಕಾಲೀನ ರೋಗಗಳ ವಿರುದ್ಧ ಘೋಷಣೆ ಹೊರಡಿಸಿದರು. ಬೇರೆಬೇರೆಯಾಗಿದ್ದ ಐದು ಪ್ರಾದೇಶಿಕ ಆರೋಗ್ಯ ಸಂಸ್ಥೆಗಳನ್ನು ಒಂದಾಗಿಸಿ 2013ರಿಂದ ಒಂದೇ ಸಂಸ್ಥೆಯಾಗಿ ನಡೆಸಿದರು. ಬಾರ್ಬಡೋಸ್ 2015ರಲ್ಲಿ ಸಿಹಿ ಪಾನೀಯಗಳಿಗೆ ಶೇಕಡಾ 10 ತೆರಿಗೆ ಹಾಕಿ 2022ರಲ್ಲಿ ಅದನ್ನು ಶೇಕಡಾ 20ಕ್ಕೆ ಏರಿಸಿತು. ಶತಮಾನಗಳ ಕಾಲ ಗುಲಾಮರಿಂದ ಕಬ್ಬು ಬೆಳೆಸಿ ಯುರೋಪಿಗೆ ಸಕ್ಕರೆ ಉಣಿಸಿದ ದ್ವೀಪವೇ ಈಗ ಸಕ್ಕರೆಗೆ ಬೇಲಿ ಹಾಕುತ್ತಿದೆ.

ಒಂದೇ ನಿರ್ಧಾರದಿಂದ ಇಡೀ ದೇಶದ ರಕ್ತ ಬದಲಾದ ನಿದರ್ಶನವೂ ಇದೆ. ಹಿಂದೂ ಮಹಾಸಾಗರದ ಮಾರಿಷಸ್‌ನಲ್ಲಿ ಬಡವರ ಮನೆಯ ಅಡುಗೆಗೆ ಬಳಕೆಯಾಗುತ್ತಿದ್ದ ನಿಯಂತ್ರಿತ ದರದ ಎಣ್ಣೆಯಲ್ಲಿ ಹೆಚ್ಚಿನ ಪಾಲು ತಾಳೆಎಣ್ಣೆ ಇತ್ತು. 1987ರ ಸಮೀಕ್ಷೆಯಲ್ಲಿ ಹೃದ್ರೋಗದ ಅಪಾಯ ಎದ್ದು ಕಂಡಾಗ ಸರ್ಕಾರ ಆ ಎಣ್ಣೆಯನ್ನು ಸೋಯಾ ಎಣ್ಣೆಗೆ ಬದಲಿಸಿತು. 1992ರ ಹೊತ್ತಿಗೆ ಜನರ ಸರಾಸರಿ ಕೊಲೆಸ್ಟರಾಲ್, ನಮ್ಮ ಪ್ರಯೋಗಾಲಯಗಳ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 213ರಿಂದ 182ಕ್ಕೆ ಇಳಿದಿತ್ತು. ಲಕ್ಷಾಂತರ ಗೃಹಿಣಿಯರಿಗೆ ಉಪದೇಶ ಮಾಡಿ ಐದು ವರ್ಷಗಳಲ್ಲಿ ಇಷ್ಟನ್ನು ಸಾಧಿಸಲು ಸಾಧ್ಯವಿತ್ತೇ? ಆದರೆ ಆ ಯಶಸ್ಸಿನ ಮಿತಿಯನ್ನೂ ಕಾಣಬೇಕು. ಎಣ್ಣೆ ಬದಲಾಯಿತು, ಮಧುಮೇಹ ಇಳಿಯಲಿಲ್ಲ. 2009ರ ಸಮೀಕ್ಷೆಯಲ್ಲಿ ಅಲ್ಲಿನ ವಯಸ್ಕರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮಧುಮೇಹಿಗಳಾಗಿದ್ದರು. ತಟ್ಟೆಯ ಒಂದು ಪದಾರ್ಥವನ್ನು ಬದಲಿಸಿದರೆ ಅದಕ್ಕೆ ಸಂಬಂಧಿಸಿದ ಅಪಾಯವಷ್ಟೇ ಕಡಿಮೆಯಾಗುತ್ತದೆ.

ಇಲ್ಲಿಯವರೆಗಿನ ಮಾತು ಬಂದರಿನದ್ದು, ಅಂದರೆ ಬರುವುದನ್ನು ತಡೆಯುವುದರದ್ದು. ತೆರಿಗೆ ಹಾಕಿ ಅಗ್ಗದ ಅನ್ನವನ್ನು ದುಬಾರಿ ಮಾಡಿದ ಮೇಲೆ ಬಡವ ಏನನ್ನು ಉಣ್ಣಬೇಕು? ಈ ಪ್ರಶ್ನೆಯನ್ನು ಆರೋಗ್ಯ ಇಲಾಖೆಗಳು ಬಹುಕಾಲ ಕೇಳಲೇ ಇಲ್ಲ. ಕೃಷಿಯ ಜೊತೆ ಸೇರದ ಆರೋಗ್ಯ ಕಾರ್ಯಕ್ರಮ ಬಡವನಿಗೆ ದಂಡವಾಗಿ ಪರಿಣಮಿಸುತ್ತದೆ. ಅಕ್ಕಿಯೇ ಊಟವೆಂದು ನಂಬಿರುವ ಮಲೆನಾಡಿಗರಿಗೆ ತುಸು ಕಸಿವಿಸಿಯಾದೀತು, ಆದರೆ ಹೆಚ್ಚಿನ ಪೆಸಿಫಿಕ್ ದ್ವೀಪಗಳಿಗೆ ಅಕ್ಕಿ ಹಡಗಿನಿಂದ ಇಳಿದ ಪದಾರ್ಥ. ಅವರ ಮೂಲ ಊಟ ಕೆಸುವಿನ ಗಡ್ಡೆ, ದೀವಿಹಲಸು, ಬಾಳೆ, ತೆಂಗು, ಮೀನು. ಪತ್ರೊಡೆಗೆ ಎಲೆ ಕೊಯ್ಯುವ ಕೆಸು ಯಾವುದೋ, ಕರಾವಳಿಯವರ ಜೀಗುಜ್ಜೆ ಯಾವುದೋ, ಅವೇ ಅಲ್ಲಿಯೂ.

ಮೈಕ್ರೊನೇಷ್ಯಾದ ಪೊನ್‌ಪೇ ದ್ವೀಪದಲ್ಲಿ ನಡೆದದ್ದು ಸ್ವಲ್ಪ ವಿವರವಾಗಿ ಹೇಳುವಂಥದ್ದು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಆಡಳಿತಕ್ಕೆ ಒಳಪಟ್ಟ ಆ ದ್ವೀಪದಲ್ಲಿ ಶಾಲೆಯ ಮಧ್ಯಾಹ್ನದ ಊಟವೇ ಅಮೆರಿಕದ ಕೃಷಿ ಇಲಾಖೆಯ ಅಕ್ಕಿ ಮತ್ತು ಡಬ್ಬಿಯ ಆಹಾರವಾಗಿತ್ತು. ಒಂದು ತಲೆಮಾರು ಅದರ ರುಚಿಯಲ್ಲೇ ಬೆಳೆಯಿತು. ಪರಿಣಾಮವಾಗಿ ಒಂದೇ ಮನೆಯಲ್ಲಿ ಮಗುವಿಗೆ ಎ ಜೀವಸತ್ವದ ಕೊರತೆ, ಅಜ್ಜಿಗೆ ಮಧುಮೇಹ. 1990ರ ದಶಕದ ಕೊನೆಯಲ್ಲಿ ಅಲ್ಲಿಗೆ ಬಂದ ಪೌಷ್ಟಿಕತಜ್ಞೆ ಲೋಯಿಸ್ ಎಂಗಲ್‌ಬರ್ಗರ್ ಅವರಿಗೆ ಮೊದಲು ಎದುರಾದದ್ದು, ಸೊಪ್ಪು ತಿನ್ನಿ ಎಂಬ ಪ್ರಚಾರದ ಸೋಲು. ಸೊಪ್ಪು ಹಂದಿಗೆ ಹಾಕುವುದು ಎಂಬುದು ಅಲ್ಲಿನವರ ಭಾವನೆ. ಆಗ ಅವರು ಪುಸ್ತಕ ಮುಚ್ಚಿಟ್ಟು ಹಿರಿಯರನ್ನು ಕೇಳಿದರು: ಹಿಂದೆ ಕೂಸುಗಳಿಗೆ ಏನು ತಿನ್ನಿಸುತ್ತಿದ್ದಿರಿ? ಉತ್ತರ ‘ಕರಾತ್’ ಎಂಬ ಬಾಳೆ. ಗೊನೆ ಕೆಳಗೆ ಜೋತುಬೀಳದೆ ಆಕಾಶಕ್ಕೆ ಮುಖ ಮಾಡಿ ನಿಲ್ಲುವ ಜಾತಿಯದು. ತಿರುಳು ಕಿತ್ತಳೆ ಬಣ್ಣ. ಪರೀಕ್ಷೆಗೆ ಕಳಿಸಿದಾಗ ಪೇಟೆಯ ಬಿಳಿ ತಿರುಳಿನ ಬಾಳೆಗಿಂತ ಎಷ್ಟೋ ಪಟ್ಟು ಹೆಚ್ಚು ಬೀಟಾ ಕೆರೋಟಿನ್ ಅದರಲ್ಲಿತ್ತು.

ಆ ಬಾಳೆ ಆ ಹೊತ್ತಿಗೆ ಹಿತ್ತಿಲುಗಳಿಂದ ಮರೆಯಾಗುತ್ತ ಬಂದಿತ್ತು. 2004ರಲ್ಲಿ ಕಟ್ಟಿದ ಸ್ಥಳೀಯ ಸಂಘಟನೆಯೊಂದರ ಮೂಲಕ ಆರೋಗ್ಯ ಕಾರ್ಯಕರ್ತರು, ಕೃಷಿ ಇಲಾಖೆಯವರು, ಶಿಕ್ಷಕರು ಒಂದೇ ಕೆಲಸಕ್ಕೆ ಸೇರಿದರು. ಕೃಷಿಯವರು ಕಂದು ಹಂಚಿದರು, ಶಿಕ್ಷಕರು ಮಕ್ಕಳಿಗೆ ತಳಿಗಳ ಹೆಸರು ಕಲಿಸಿದರು, ಹಾಡು ಕಟ್ಟಿದರು, ಅಂಚೆಚೀಟಿಯ ಮೇಲೂ ಕರಾತ್ ಮೂಡಿತು. ಮಾಂಡ್ ಎಂಬ ಹಳ್ಳಿಯಲ್ಲಿ ಎರಡು ವರ್ಷ ಈ ಕೆಲಸ ನಡೆದ ಮೇಲೆ ಊರ ಬಾಳೆ, ಕೆಸುವಿನ ಬಳಕೆ ಹೆಚ್ಚಿದ್ದು ದಾಖಲಾಯಿತು. ಅಕ್ಕಿ ಮಾತ್ರ ತಟ್ಟೆಯಿಂದ ಕದಲಲಿಲ್ಲ; ಸುಲಭವಾಗಿ ಬೇಯುವ, ಕೆಡದೆ ಉಳಿಯುವ, ಅಗ್ಗದ ಅಕ್ಕಿಯನ್ನು ಹಾಡಿನಿಂದಷ್ಟೇ ಸೋಲಿಸಲಾಗದು. ಎಂಗಲ್‌ಬರ್ಗರ್ 2011ರಲ್ಲಿ ತೀರಿಕೊಂಡರು. ತಳಿಗಳ ಮೌಲ್ಯವನ್ನು ರೋಗದ ದೃಷ್ಟಿಯಿಂದ ತೂಗುವ ಅವರ ಕ್ರಮವನ್ನು ಕೃಷಿ ವಿಶ್ವವಿದ್ಯಾಲಯಗಳು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು. ಇಳುವರಿಯ ಅಂಕಣದ ಪಕ್ಕದಲ್ಲಿ ತಿರುಳಿನ ಬಣ್ಣಕ್ಕೂ ಒಂದು ಅಂಕಣ ಇರುವ ತಳಿಪಟ್ಟಿಗಳು ಇಂದಿಗೂ ಅಪರೂಪ.

ಇನ್ನು ಸಮೋವಾದ ಕೆಸು. 1990 ಮತ್ತು 1991ರಲ್ಲಿ ಎರಡು ಭೀಕರ ಚಂಡಮಾರುತಗಳು ಆ ದೇಶದ ತೋಟಗಳನ್ನು ನೆಲಸಮ ಮಾಡಿದವು. ಮತ್ತೆ ನೆಡುವಾಗ ರೈತರು ಬಹುತೇಕ ಒಂದೇ ತಳಿಯನ್ನು ನೆಟ್ಟರು. ರಫ್ತಿಗೆ ಬೇಡಿಕೆ ಇದ್ದದ್ದು ಅದಕ್ಕೇ. 1993ರಲ್ಲಿ ಎಲೆಯಂಗಮಾರಿ ರೋಗ ಬಂದಿತು. ಅದನ್ನು ತರುವ ರೋಗಾಣು ಫೈಟೋಫ್ತೊರಾ ಕುಲದ್ದು, ಅಡಿಕೆಗೆ ಕೊಳೆರೋಗ ತರುವುದರ ದಾಯಾದಿ. ಸತತ ಮಳೆಯಲ್ಲಿ ಅದು ಹೇಗೆ ಹರಡುತ್ತದೆಂಬುದನ್ನು ಮೈಲುತುತ್ತ ಹೊಡೆದು ಸೋತ ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಒಂದೆರಡು ವರ್ಷಗಳಲ್ಲಿ ದೇಶದ ಮುಖ್ಯ ರಫ್ತು ಬೆಳೆ ಹೇಳಹೆಸರಿಲ್ಲದಂತಾಯಿತು. ಗಡ್ಡೆ ಇದ್ದ ತಟ್ಟೆಯ ಜಾಗವನ್ನು ಒಂದಿಷ್ಟು ಬಾಳೆ, ದೀವಿಹಲಸು ತುಂಬಿದವು, ಮಿಕ್ಕದ್ದನ್ನು ಆಮದಾದ ಅಕ್ಕಿ ಮತ್ತು ಹಿಟ್ಟು. ಬೆಳೆಯ ರೋಗವೊಂದು ಮನುಷ್ಯರ ರೋಗಕ್ಕೆ ಬಾಗಿಲು ತೆರೆಯುವುದೆಂದರೆ ಹೀಗೆ.

ಅಲ್ಲಿಂದ ಮುಂದಿನ ಕೆಲಸ ನಿಧಾನದ್ದು, ಪತ್ರಿಕೆಗಳಲ್ಲಿ ಬಾರದಂಥದ್ದು. ಫಿಜಿಯ ಸುವಾದಲ್ಲಿ ಪೆಸಿಫಿಕ್ ಸಮುದಾಯ ನಡೆಸುವ ತಳಿಸಂಗ್ರಹ ಕೇಂದ್ರವು ದ್ವೀಪದ್ವೀಪಗಳ ಕೆಸುವಿನ ತಳಿಗಳನ್ನು ಗಾಜಿನ ನಳಿಕೆಗಳಲ್ಲಿ, ಅಂಗಾಂಶ ಕೃಷಿಯಲ್ಲಿ ಉಳಿಸಿಕೊಂಡಿದೆ. ಪಲಾವ್ ಮತ್ತಿತರ ಮೈಕ್ರೊನೇಷ್ಯಾ ದ್ವೀಪಗಳ ರೋಗನಿರೋಧಕ ತಳಿಗಳನ್ನೂ ಮುಂದೆ ಏಷ್ಯಾದ ತಳಿಗಳನ್ನೂ ಸಮೋವಾದ ತಳಿಗಳೊಂದಿಗೆ ಸಂಕರಿಸಲಾಯಿತು. 1990ರ ದಶಕದ ಕೊನೆಯಿಂದ ಅಲಾಫುವಾದ ವಿಶ್ವವಿದ್ಯಾಲಯ ಆವರಣದಲ್ಲಿ ಸಂಶೋಧಕರೂ ರೈತರೂ ಸೇರಿ ಆಯ್ಕೆ ನಡೆಸಿದರು. ಸಸಿಗಳನ್ನು ರೈತರು ತಮ್ಮ ಹೊಲದಲ್ಲೇ ಬೆಳೆದು, ಬೇಯಿಸಿ ತಿಂದು ನೋಡಿ, ರೋಗ ತಡೆದರೂ ರುಚಿಯಿಲ್ಲದ್ದನ್ನು ಕಿತ್ತೆಸೆದರು. ತಿನ್ನದ ತಳಿಯಿಂದ ಯಾರ ಆರೋಗ್ಯವೂ ಸುಧಾರಿಸದು ಎಂಬುದು ಅವರಿಗೆ ಹೇಳಿಕೊಡದೆಯೇ ಗೊತ್ತಿತ್ತು. ವರ್ಷಗಳ ಬಳಿಕ ಸಮೋವಾದ ಕೆಸು ಮತ್ತೆ ಸಂತೆಗೂ, ಅಲ್ಲಿಂದ ನ್ಯೂಜಿಲೆಂಡಿನ ಹಡಗಿಗೂ ಏರಿತು.

ಈಗ ಇನ್ನೊಂದು ಕಡೆಯಿಂದ ನೀರು ಏರುತ್ತಿದೆ. ತುವಾಲುವಿನಂಥ ಹವಳದ ದ್ವೀಪಗಳಲ್ಲಿ ಜನರು ಮರಳನ್ನು ತೋಡಿ, ಸಿಹಿನೀರಿನ ಪದರ ಮುಟ್ಟುವವರೆಗೆ ಗುಂಡಿ ಮಾಡಿ, ಎಲೆಗೊಬ್ಬರ ಹಾಕಿ ಪುಲಾಕಾ ಎಂಬ ಜೌಗುಕೆಸುವನ್ನು ಬೆಳೆಯುತ್ತಾರೆ. ತಲೆಮಾರುಗಳಿಂದ ಕಟ್ಟಿದ ಮಣ್ಣು ಅದು. ಆ ಗುಂಡಿಗಳಿಗೆ ಉಪ್ಪುನೀರು ಜಿನುಗುತ್ತಿದೆ. ಗಿಡ ಕೊಳೆತ ಗುಂಡಿಯ ಪಕ್ಕದ ಮನೆಯವರು ಊಟಕ್ಕೆ ನಡೆಯುವುದು ಅಂಗಡಿಗೆ, ಅಂಗಡಿಯಲ್ಲಿರುವುದು ಹಡಗು ತಂದದ್ದು. 2023ರ ಜೂನ್‌ನಲ್ಲಿ ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿ ಸೇರಿದ ಸಣ್ಣ ದ್ವೀಪರಾಷ್ಟ್ರಗಳ ಆರೋಗ್ಯ ಸಚಿವರು ದೀರ್ಘಕಾಲೀನ ರೋಗಗಳನ್ನೂ ಹವಾಮಾನದ ಬಿಕ್ಕಟ್ಟನ್ನೂ ಒಂದೇ ಘೋಷಣೆಯಲ್ಲಿ ಇರಿಸಿದ್ದು ಇದೇ ಕಾರಣಕ್ಕೆ. ಸುವಾದ ತಳಿಕೇಂದ್ರದಲ್ಲಿ ಉಪ್ಪನ್ನು ತಾಳಿಕೊಳ್ಳುವ ಕೆಸುವಿಗಾಗಿ ಹುಡುಕಾಟ ನಡೆದಿದೆ.